ಹದಿನಾರು ಅಕ್ಷರದ ಕೋಣೆ

"ಸ್ವಲ್ಪ ಬಿಗಿಯಾಗಿ ಎಳಿಯಪ್ಪಾ. ಗೇಟಿನ ಹತ್ರ ಇಳಿಜಾರಿದೆ, ಜಾರಬಾರದು," ಎಂದರು ಹರಿಪ್ರಸಾದರು.

ಭರತೇಶ್ ಚಟ್ಟದ ಬಿದಿರಿನ ಪಕ್ಕ ಮೊಣಕಾಲೂರಿ ಹುರಿಯನ್ನು ಇನ್ನೊಮ್ಮೆ ಎಳೆದ. ಗಂಟು ಕೂಡಲಿಲ್ಲ. ಬಿಚ್ಚಿ ಹೊಸದಾಗಿ ಹಾಕಿದ, ಅದೂ ಸಡಿಲವಾಯಿತು. ಹರಿಪ್ರಸಾದರು ಹುರಿಯನ್ನು ಅವನ ಕೈಯಿಂದ ತೆಗೆದುಕೊಂಡು ಎರಡೇ ಸುತ್ತಿನಲ್ಲಿ ಬಿಗಿದರು. ವಿಮಾ ಕಂಪನಿಯಿಂದ ನಿವೃತ್ತರಾದ ಮೈಸೂರಿನ ಮನುಷ್ಯ ಅವರು. ವಡೋದರಾದ ಮಂಜಲ್‌ಪುರದ ಈ ಅಪಾರ್ಟ್‌ಮೆಂಟಿನಲ್ಲಿ ಜಯತೀರ್ಥರ ಎದುರು ಮನೆಯವರು.

"ನೀನು ಮೇಲೆ ಹೋಗು. ತಾರಾ ಅವರು ನಿನ್ನನ್ನ ಕೇಳ್ತಿದ್ರು," ಎಂದರು.

ನಿನ್ನೆ ಸಂಜೆ ಚಹಾ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಜಯತೀರ್ಥರು ಎದೆ ಹಿಡಿದುಕೊಂಡಿದ್ದರು. ಆಸ್ಪತ್ರೆ ಮುಟ್ಟುವ ಮೊದಲೇ ಮುಗಿದಿತ್ತು. ಅರವತ್ತೆರಡು ವರ್ಷ. ಅಹಮದಾಬಾದಿನಲ್ಲಿ ಕೆಲಸಕ್ಕಿರುವ ಮಗಳು ವರ್ಷಿಣಿ ರಾತ್ರಿಯೇ ಬಂದಿದ್ದಳು. ಬಾಗಲಕೋಟೆಯಲ್ಲಿರುವ ಜಯತೀರ್ಥರ ತಮ್ಮನಿಗೆ ಬರಲಾಗಲಿಲ್ಲ. ಹೆಗಲು ಕೊಡುವವರ ಲೆಕ್ಕ ಹಾಕಿದಾಗ ಎಲ್ಲರ ಬಾಯಲ್ಲೂ ಮೊದಲು ಬಂದ ಹೆಸರು ಭರತೇಶನದು. ಎಂಟು ವರ್ಷ ಅವರ ಕೈಕೆಳಗೆ ಕೆಲಸ ಮಾಡಿದವನು, ಅವರ ಮನೆಯ ಊಟ ಉಂಡವನು.

ಮೇಲೆ, ನಡುಮನೆಯ ಚಾಪೆಯ ಬಳಿ ಜಯತೀರ್ಥರ ಹೆಂಡತಿ ತಾರಾ ಕೂತಿದ್ದರು. ಅತ್ತು ಅತ್ತು ದನಿ ಒಡೆದಿತ್ತು. ಅವನನ್ನು ಹತ್ತಿರ ಕರೆದರು.

"ಭರತೇಶಾ, ಒಂದು ಕೆಲಸ ಆಗಬೇಕಪಾ. ಅಲ್ಲೆ ಸ್ಮಶಾನದಾಗ ಇವರ ಬಗ್ಗೆ ಯಾರರೆ ನಾಲ್ಕು ಮಾತು ಹೇಳಬೇಕಂತ. ಇವರು ಏನು ಕೆಲಸ ಮಾಡ್ತಿದ್ರು ಅಂತ ಮೂವತ್ತು ವರ್ಷ ಆದರೂ ನನಗ ಗೊತ್ತಾಗ್ಲಿಲ್ಲ. ಕಂಪ್ಯೂಟರಿಂದು, ಅಷ್ಟೇ. ನಿನಗ ಗೊತ್ತದ. ನೀ ಹೇಳು."

"ನಾ ಏನ್ ಹೇಳ್ಲಿ ಕಾಕೂ."

"ಖರೇ ಏನದ ಅದನ್ನ ಹೇಳು." ಸೆರಗಿನಿಂದ ಮೂಗು ಒರೆಸಿಕೊಂಡು ದನಿ ತಗ್ಗಿಸಿದರು. "ಆ ಸೂರತಿನ ಗದ್ದಲ ಮಾತ್ರ ಬ್ಯಾಡ. ಒಂದು ತಪ್ಪು ಆಗಿಹೋತು ಅವರ ಕಡಿಂದ. ಮಂದಿ ಮುಂದ ಅದನ್ನ ಎತ್ತಬ್ಯಾಡ."

ಭರತೇಶ್ ತಲೆಯಾಡಿಸಿದ. ಚಾಪೆಯ ಮೇಲಿದ್ದ ಮುಖದ ಕಡೆ ನೋಡಲಾಗದೆ, ಮೂಗಿಗಿಟ್ಟ ಹತ್ತಿಯನ್ನಷ್ಟೇ ನೋಡಿ ಹೊರಗೆ ಬಂದ.

*

ಅವನು ಬೆಳಗಾವಿಯಿಂದ ಬಂದು ಮಕರಪುರದ ಆ ಸಣ್ಣ ಕಂಪನಿ ಸೇರಿದಾಗ ಇಪ್ಪತ್ತೆರಡು ವರ್ಷ. ಕೆಳಗೆ ವೆಲ್ಡಿಂಗ್ ಶೆಡ್ಡು, ಮೇಲಿನ ಮಹಡಿಯಲ್ಲಿ ಆಫೀಸು. ಮಧ್ಯಾಹ್ನವಾದರೆ ನೆಲವೆಲ್ಲ ಸಣ್ಣಗೆ ನಡುಗುತ್ತಿತ್ತು. ಮೊದಲ ದಿನವೇ ಜಯತೀರ್ಥರು ಅಂಗೈಯಗಲದ ಒಂದು ಪೆಟ್ಟಿಗೆಯನ್ನು ಅವನ ಮುಂದಿಟ್ಟರು. ಸೂರತಿನ ವಜ್ರದ ಕಾರ್ಖಾನೆಗಳಿಗೆ ಹೋಗುವ ಪೆಟ್ಟಿಗೆ. ಯಾವ ಪೊಟ್ಟಣ ಯಾವ ಕೆಲಸಗಾರನ ಕೈಗೆ ಹೋಯಿತು, ತಿರುಗಿ ಬಂತೋ ಇಲ್ಲವೋ ಎಂದು ನೆನಪಿಟ್ಟುಕೊಳ್ಳುವುದು ಅದರ ಕೆಲಸ.

"ಇದರ ತಲಿ ಭಾಳ ಸಣ್ಣದು," ಎಂದಿದ್ದರು. "ಅರವತ್ನಾಕು ಕಿಲೋಬೈಟು. ನಿನ್ನ ಫೋನಿನ ಒಂದು ಫೋಟೋನೂ ಹಿಡಿಸೂದಿಲ್ಲ. ಅದರೊಳಗ ಸಾವಿರ ಮಂದಿ ಹೆಸರು, ಸಾವಿರ ಪೊಟ್ಟಣದ ನಂಬರು. ಎಲ್ಲಾ ಸಣ್ಣ ಸಣ್ಣವು, ಹತ್ತು ಅಕ್ಷರ, ಹನ್ನೆರಡು ಅಕ್ಷರ. ಎಲ್ಲಿ ಇಡ್ತೀ?"

"ಮೆಲಾಕ್ ಮಾಡ್ತೀನ್ರಿ ಸರ್," ಎಂದ ಭರತೇಶ್. ಬೇಕಾದಷ್ಟು ಜಾಗವನ್ನು ಬೇಕೆಂದಾಗ ಕೇಳಿ ಪಡೆಯುವ ಆ ಪದ್ಧತಿಯನ್ನು ಕಾಲೇಜಿನಲ್ಲಿ ಸಿ ಭಾಷೆಯ ಮೊದಲ ತಿಂಗಳೇ ಕಲಿಸಿದ್ದರು.

ಜಯತೀರ್ಥರು ನಕ್ಕರು. ಹಳೆಯ ಪ್ರಿಂಟಿನ ಬೆನ್ನಿನ ಮೇಲೆ ಪೆನ್ಸಿಲಿನಿಂದ ಗೀಚಿ ತೋರಿಸಿದರು. ಹನ್ನೊಂದು ಅಕ್ಷರಕ್ಕೆಂದು ಹನ್ನೊಂದು ಬೈಟು ಕೇಳಿದರೆ ಮೆಲಾಕ್ ತನ್ನ ಗುರುತಿಗೆಂದು ಇನ್ನೆಂಟು ಬೈಟು ಮುರಿದುಕೊಳ್ಳುತ್ತದೆ. ಹೆಸರಿಗಿಂತ ಹೆಸರಿನ ಚೀಟಿಯೇ ಭಾರ. ಮೇಲಾಗಿ, ಇಡೀ ದಿನ ಹೆಸರು ಬಂದು ಹೋಗಿ ಬಂದು ಹೋಗಿ ನಡುನಡುವೆ ತೂತು ಬೀಳುತ್ತವೆ. ಸಂಜೆ ಹೊತ್ತಿಗೆ ಒಟ್ಟು ಜಾಗ ಇರುತ್ತದೆ, ಒಂದೇ ಕಡೆ ಇರುವುದಿಲ್ಲ. ಪೆಟ್ಟಿಗೆ ಸ್ತಬ್ಧವಾಗುತ್ತದೆ.

"ಸಾಸಿವಿ ಕಾಳು ಇಡ್ಲಿಕ್ಕೆ ಪ್ರತಿ ಕಾಳಿಗೆ ಒಂದು ಹಂಡೆ ಕೊಟ್ಟಂಗ ಅದು. ಅದಕ್ಕ ನಾ ಏನ್ ಮಾಡೀನಿ ಅಂದ್ರ, ಮುಂಜಾನೇನೇ ಇಡೀ ಜಾಗಾ ಒಂದೇ ಅಳತಿ ಕೋಣಿ ಕೋಣಿ ಮಾಡಿಬಿಡ್ತೀನಿ. ಇಪ್ಪತ್ನಾಕು ಬೈಟಿನ ಕೋಣಿ. ಖಾಲಿ ಕೋಣಿಯೊಳಗ ಮುಂದಿನ ಖಾಲಿ ಕೋಣಿ ವಿಳಾಸ ಬರದಿಡೂದು. ಬೇಕಾದಾಗ ಮೊದಲನೇದು ತೊಗೊ, ಮುಗದಮ್ಯಾಲ ತಿರುಗಿ ಸಾಲಿನ ಮುಂದ ಇಡು. ಯಾರೂ ಹುಡುಕೂದು ಬ್ಯಾಡ, ಚೀಟಿ ಬ್ಯಾಡ, ತೂತೂ ಬೀಳೂದಿಲ್ಲ."

"ಹೆಸರು ಇಪ್ಪತ್ನಾಕಕ್ಕಿಂತ ಉದ್ದ ಇದ್ರ?"

"ಅಂಥಾವು ಕಡಿಮಿ. ಅವಕ್ಕ ಬ್ಯಾರೆ ಒಂದು ದೊಡ್ಡ ಕೋಣಿ ಇಟ್ಟೀನಿ. ಆದ್ರ ಒಳಗ ಬಿಡೂ ಮೊದಲ ಅಳತಿ ನೋಡಬೇಕು. ಈ ಎರಡು ಸಾಲು ನೋಡು, ಇದು ಬಾಗಿಲು ಕಾಯೂದು. ಎಲ್ಲಾ ಮರತ್ರೂ ಇದನ್ನ ಮರೀಬ್ಯಾಡ."

ಆ ಪೆಟ್ಟಿಗೆಗಳು ಎಂಟು ವರ್ಷ ಒಂದು ಸಲವೂ ನಿಲ್ಲದೆ ನಡೆದವು.

*

ಹನ್ನೊಂದಕ್ಕೆ ಶವವನ್ನು ಕೆಳಗೆ ತರಬೇಕೆಂದು ನಿಶ್ಚಯವಾಗಿತ್ತು. ಅದಕ್ಕೆ ಸ್ವಲ್ಪ ಮೊದಲು ಗೇಟಿನ ಬಳಿ ರಿಕ್ಷಾ ನಿಂತಿತು. ನಲವತ್ತೈದರ ಆಸುಪಾಸಿನ, ಬಿಳಿ ಸೀರೆಯ ಹೆಂಗಸೊಬ್ಬಳು ಇಳಿದಳು. ಯಾರನ್ನೂ ಕೇಳದೆ ನೇರ ಮೇಲೆ ಹೋಗಿ ಶವದ ಕಾಲಿಗೆ ಹಣೆ ಮುಟ್ಟಿಸಿದಳು.

"ಸೂರತಿನಿಂದ ಬಂದೆ, ಕತಾರ್‌ಗಾಮ್. ನನ್ನ ಹೆಸರು ಯಶೋದಾ," ಎಂದು ಗುಜರಾತಿಯಲ್ಲಿ ಹೇಳಿಕೊಂಡಳು. "ನಿನ್ನೆ ರಾತ್ರಿ ನನ್ನ ಮಗಳ ಮದುವೆ ಗೊತ್ತಾದ ಸುದ್ದಿ ಹೇಳಲೆಂದು ಕಾಕಾಗೆ ಫೋನ್ ಮಾಡಿದೆ. ಅವರ ಈ ಮಗಳು ಎತ್ತಿದಳು."

ತಾರಾ ಆ ಹೆಸರು ಕೇಳುತ್ತಲೇ ಸಣ್ಣಗಾದರು. ಏಳಲು ಹೋದವರು ಅರ್ಧಕ್ಕೇ ನಿಂತು ಎರಡೂ ಕೈ ಜೋಡಿಸಿದರು. ಯಶೋದಾ ಆ ಕೈಗಳನ್ನು ಹಿಡಿದು ಕೆಳಗಿಳಿಸಿದಳು.

ಭರತೇಶನಿಗೆ ಆ ಮುಖದ ಪರಿಚಯವಿರಲಿಲ್ಲ. ಹೆಸರಿನ ಪರಿಚಯವಿತ್ತು. ನಾಲ್ಕು ವರ್ಷ ಆ ಹೆಸರನ್ನು ಯಾರ ಬಾಯಲ್ಲಿ ಕೇಳಿದರೂ ಅವನು ಒಂದು ಗುಟುಕು ನೀರು ಹುಡುಕುತ್ತಿದ್ದ. ಈಗಲೂ ಅಡುಗೆಮನೆಯ ಕಡೆ ತಿರುಗಿದ. ಅವಳು ಹಿಂದೆಯೇ ಬಂದಳು.

"ನೀವೂ ಅದೇ ಕಂಪನಿಯವರೇನು ಭಾಯಿ?"

"ಹೌದು."

"ಕಾಕಾ ನಮ್ಮ ಮನೆಗೆ ಬಂದಿದ್ದರು, ಗೊತ್ತೇ? ಪೊಟ್ಟಣ ಸಿಕ್ಕ ಮರುದಿನ. ನಮ್ಮ ಓಣಿ ಅಂದರೆ ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಒತ್ತಿ ನಿಲ್ಲಬೇಕು. ಅಲ್ಲಿಗೆ ಬಂದು, ಅಕ್ಕಪಕ್ಕದವರನ್ನೆಲ್ಲ ಹೊರಗೆ ಕರೆಸಿದರು. 'ಈ ಹೆಂಗಸು ಏನೂ ಕದ್ದಿಲ್ಲ. ನಮ್ಮ ಪೆಟ್ಟಿಗೆ ಸುಳ್ಳು ಹೇಳಿತ್ತು. ತಪ್ಪು ನನ್ನದು' ಅಂತ ಎಲ್ಲರ ಮುಂದೆ ಹೇಳಿದರು. ಅಷ್ಟು ವಯಸ್ಸಿನವರು. ನನಗೇ ನಾಚಿಕೆಯಾಯಿತು."

ಭರತೇಶ್ ಲೋಟಕ್ಕೆ ನೀರು ಬಗ್ಗಿಸಿದ.

"ಚಹಾ ಕುಡಿಯುವಾಗ ನಾನು ಕೇಳಿದೆ, ಇಷ್ಟು ತಿಳಿದವರು ಇಂಥ ತಪ್ಪು ಹೇಗೆ ಮಾಡಿದಿರಿ ಅಂತ. ಆಗ ನಿಜ ಹೇಳಿದರು. ಮಾಡಿದ್ದು ಇನ್ನೊಬ್ಬ ಹುಡುಗ. ಒಳ್ಳೆಯ ಹುಡುಗ, ಅವಸರ ಮಾಡಿದ. ನಾನು ನೋಡಬೇಕಿತ್ತು, ನೋಡಲಿಲ್ಲ, ಅದಕ್ಕೇ ನನ್ನದು ಅಂದರು. ಒಂದು ದಿನ ಅವನೇ ಬಂದು ಹೇಳುತ್ತಾನೆ, ನಾನಾಗಿ ಕೇಳುವುದಿಲ್ಲ ಅಂದರು." ಅವಳು ಬಾಗಿಲಾಚೆ ನಿಂತಿದ್ದವರನ್ನು ಒಮ್ಮೆ ನೋಡಿದಳು. "ಆ ಹುಡುಗ ಬಂದಿದ್ದಾನೇನು ಭಾಯಿ? ನೀವು ಬಲ್ಲಿರೇನು?"

ಕೆಳಗಿನಿಂದ ಹರಿಪ್ರಸಾದರು ಎಲ್ಲರನ್ನೂ ಕರೆದರು.

"ಅವನು ಕೆಲಸ ಬಿಟ್ಟು ಹೋದ," ಎಂದ ಭರತೇಶ್. ತಾನೇ ಬಗ್ಗಿಸಿದ ನೀರನ್ನು ಕುಡಿಯದೆ ಕಟ್ಟೆಯ ಮೇಲಿಟ್ಟು ಹೊರಗೆ ನಡೆದ.

*

ನಾಲ್ಕು ವರ್ಷದ ಹಿಂದಿನ ದೀಪಾವಳಿ. ಕತಾರ್‌ಗಾಮಿನ ಒಂದು ಕಾರ್ಖಾನೆ ಹಬ್ಬದ ರಜೆಗೆ ಮೊದಲು ಇನ್ನೂ ಐನೂರು ಪೊಟ್ಟಣಗಳ ಲೆಕ್ಕ ಪೆಟ್ಟಿಗೆಯಲ್ಲಿ ಹಿಡಿಯಬೇಕೆಂದು ಹಟ ಹಿಡಿದಿತ್ತು. ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ಜಯತೀರ್ಥರು ಹತ್ತು ದಿನ ರಜೆಯಲ್ಲಿದ್ದರು. "ಸಾಧ್ಯವೇ?" ಎಂದು ಕಂಪನಿಯ ಮಾಲೀಕ ಪ್ರವೀಣ್‌ಭಾಯಿ ಕೇಳಿದಾಗ ಭರತೇಶ್ "ಎರಡು ದಿನ ಕೊಡಿ" ಎಂದುಬಿಟ್ಟ. ಹೊಸ ವಿಭಾಗಕ್ಕೆ ಮುಖ್ಯಸ್ಥನನ್ನು ಹುಡುಕುತ್ತಿದ್ದ ದಿನಗಳವು.

ಇಪ್ಪತ್ತನಾಲ್ಕು ಬೈಟಿನ ಕೋಣೆಯನ್ನು ಹದಿನಾರಕ್ಕೆ ಇಳಿಸಿದ. ಉದ್ದ ಹೆಸರುಗಳ ದೊಡ್ಡ ಕೋಣೆಯನ್ನು ಒಡೆದು ಸಣ್ಣವು ಮಾಡಿದ. ದೊಡ್ಡ ಕೋಣೆಯೇ ಇಲ್ಲವೆಂದ ಮೇಲೆ ಅಳತೆ ನೋಡುವ ಎರಡು ಸಾಲು ಯಾಕೆಂದು ಅವನ್ನೂ ಅಳಿಸಿದ. ಪರೀಕ್ಷೆಗೆಂದು ಇಟ್ಟುಕೊಂಡಿದ್ದ ಹೆಸರುಗಳೆಲ್ಲ ಚಿಕ್ಕವು. ಎಲ್ಲವೂ ಸರಿಯಾಗಿ ಕೂತವು. ರಜೆ ಮುಗಿಸಿ ಬಂದ ಜಯತೀರ್ಥರಿಗೆ, "ಜಾಗಾ ಸ್ವಲ್ಪ ಉಳಿಸೇನ್ರಿ ಸರ್" ಎಂದಷ್ಟೇ ಹೇಳಿದ. ಕಣ್ಣಿಗೆ ಕಪ್ಪು ಕನ್ನಡಕ ಹಾಕಿದ್ದ ಅವರು, "ಛಲೋ ಆತು, ಆಮ್ಯಾಲ ನೋಡ್ತೀನಿ," ಎಂದರು.

ಕಾರ್ಖಾನೆಗೆ ಧರ್ಮೇಂದ್ರಕುಮಾರ ಎಂಬ ಹೊಸ ಕೆಲಸಗಾರ ಬಂದ. ಗುಮಾಸ್ತ ಇಂಗ್ಲಿಷ್ ಅಕ್ಷರಗಳಲ್ಲಿ ಹೆಸರಿನ ಮುಂದೆ ಮನೆತನವನ್ನೂ ಸೇರಿಸಿ ಬರೆದ. ಹದಿನಾರಕ್ಕೆ ಮುಗಿಯದ ಆ ಹೆಸರಿನ ಬಾಲ ಪಕ್ಕದ ಕೋಣೆಗೆ ನುಗ್ಗಿತು. ಆ ಕೋಣೆಯಲ್ಲಿದ್ದದ್ದು ಯಶೋದಾ ಆಗತಾನೇ ತಿರುಗಿ ಕೊಟ್ಟಿದ್ದ ಪೊಟ್ಟಣದ ನಂಬರು. ನಂಬರು ಕೆಟ್ಟು, ಅದು ತಿರುಗಿ ಬಂದ ಲೆಕ್ಕಕ್ಕೆ ಸೇರಲಿಲ್ಲ. ಪೊಟ್ಟಣ ಕಾರ್ಖಾನೆಯ ಮಾಲೀಕನ ತಿಜೋರಿಯಲ್ಲೇ ಬೇರೆ ಕಟ್ಟಿನೊಳಗೆ ಸೇರಿಹೋಯಿತು. ಪೆಟ್ಟಿಗೆ ಮಾತ್ರ ಅದು ಯಶೋದಾಳ ಕೈಯಲ್ಲೇ ಇದೆ ಎಂದು ತೋರಿಸುತ್ತಲೇ ಇತ್ತು.

ಅವಳ ಮೈ ತಡಕಿದರು, ಮನೆ ತಡಕಿದರು, ಠಾಣೆಗೆ ಕರೆದರು. ಹನ್ನೊಂದನೆಯ ದಿನ, ಏನೋ ಅನುಮಾನ ಬಂದು ಸೂರತಿಗೆ ಹೋಗಿದ್ದ ಜಯತೀರ್ಥರು ಪೆಟ್ಟಿಗೆಯ ನೆನಪನ್ನೆಲ್ಲ ಕಾಗದದ ಮೇಲೆ ಇಳಿಸಿ ಅಕ್ಷರ ಅಕ್ಷರ ಓದಿ, "ತಿಜೋರಿಯಲ್ಲಿ ಮತ್ತೊಮ್ಮೆ ಎಣಿಸಿ," ಎಂದರು. ಪೊಟ್ಟಣ ಅಲ್ಲಿತ್ತು.

ಮೂರು ದಿನದ ನಂತರ ಮಕರಪುರದ ಆಫೀಸಿನಲ್ಲಿ ಸಭೆ. "ಈ ಜಾಗದ ಕೆಲಸ ಯಾರದು?" ಎಂದು ಪ್ರವೀಣ್‌ಭಾಯಿ ಕೇಳಿದರು.

"ನನ್ನದು," ಎಂದರು ಜಯತೀರ್ಥರು. ಎದುರಿಗಿದ್ದ ಭರತೇಶನ ಕಡೆ ಅವರು ನೋಡಲಿಲ್ಲ. ಯಾವ ಸಾಲನ್ನು ಯಾರು ಯಾವತ್ತು ಬದಲಿಸಿದರು ಎಂಬುದು ಕಂಪ್ಯೂಟರಿನಲ್ಲಿ ದಾಖಲಾಗಿರುತ್ತದೆ, ನೋಡುವವರಿಗೆ ಒಂದು ನಿಮಿಷದ ಕೆಲಸ. ಸರ್ ನೋಡಿಲ್ಲ ಎಂದುಕೊಂಡ ಭರತೇಶ್. ಮಾತು ನಾಲಿಗೆಯ ತುದಿಗೆ ಬಂದಿತ್ತು. ಪ್ರವೀಣ್‌ಭಾಯಿಯ ಫೋನ್ ಬಡಿದುಕೊಂಡಿತು, ಅವರು ಎದ್ದು ಹೋದರು, ಸಭೆ ಮುಗಿಯಿತು. ಯಾರೂ ನನ್ನನ್ನು ಕೇಳಲಿಲ್ಲವಲ್ಲ ಎಂದು ಅವನು ಅಂದು ತನಗೆ ಹೇಳಿಕೊಂಡದ್ದನ್ನು ಆಮೇಲೂ ಹೇಳಿಕೊಳ್ಳುತ್ತಲೇ ಬಂದ.

ಜಯತೀರ್ಥರನ್ನು ಪೆಟ್ಟಿಗೆಯ ಕೆಲಸದಿಂದ ಬಿಡಿಸಿ, ಕಿಟಕಿಯಿಲ್ಲದ ಮೂಲೆಯಲ್ಲಿ ಬಳಕೆಯ ಕೈಪಿಡಿ ಬರೆಯಲು ಕೂರಿಸಿದರು. ಒಂದೂವರೆ ವರ್ಷ ಬರೆದು, ಅವಧಿಗೆ ಮೊದಲೇ ನಿವೃತ್ತಿ ಪಡೆದರು. ಹೊಸ ವಿಭಾಗಕ್ಕೆ ಭರತೇಶ್ ಮುಖ್ಯಸ್ಥನಾದ. ಅಂದು ಅವರು ಎಲ್ಲರಿಗಿಂತ ಮೊದಲು ಬಂದು ಅವನ ಕೈ ಕುಲುಕಿ, "ಏನರೆ ಹೇಳೂದಿತ್ತೇನೋ?" ಎಂದು ಕೇಳಿದ್ದರು.

"ಏನಿಲ್ಲರಿ ಸರ್," ಎಂದಿದ್ದ.

*

"ರಾಮ ಬೋಲೋ ಭಾಯಿ ರಾಮ" ಎನ್ನುತ್ತ ನೆರೆಯವರು ಚಟ್ಟ ಎತ್ತಿದರು. ಮುಂದಿನ ಎಡಗಡೆ ಭರತೇಶ್. ಜಯತೀರ್ಥರು ಇಷ್ಟು ಹಗುರ ಇದ್ದರೇ ಎಂದು ಅವನಿಗೆ ದಾರಿಯುದ್ದಕ್ಕೂ ಅನ್ನಿಸಿತು. ಬದಲಿಗೆ ಬಂದವರಿಗೆ ಅವನು ಹೆಗಲು ಬಿಟ್ಟುಕೊಡಲಿಲ್ಲ.

ಮಂಜಲ್‌ಪುರದ ಸ್ಮಶಾನದಲ್ಲಿ ಕಟ್ಟಿಗೆ ಆಗಲೇ ಒಟ್ಟಿದ್ದರು. ಆಚಾರ್ಯರು ಹೇಳಿದಂತೆ ವರ್ಷಿಣಿ ಒದ್ದೆ ಕೂದಲಲ್ಲಿ, ಬರಿಗಾಲಲ್ಲಿ ಮೂರು ಸುತ್ತು ಬಂದು ಬೆಂಕಿ ಕೊಟ್ಟಳು. ಉರಿ ಹಿಡಿದ ಮೇಲೆ ಜನ ತಗಡಿನ ನೆರಳಿಗೆ ಸರಿದರು. ಹರಿಪ್ರಸಾದರು ಭರತೇಶನ ಬೆನ್ನು ಮುಟ್ಟಿದರು.

ಅವನು ಹಿಂದಿಯಲ್ಲಿ ಶುರು ಮಾಡಿದ. ಜಯತೀರ್ಥರು ಯಾವ ಊರಿನವರು, ಯಾವಾಗ ಬಂದರು. ಅವರ ಕೆಲಸ ಸಣ್ಣ ಹೆಸರುಗಳಿಗೆ ಜಾಗ ಮಾಡಿಕೊಡುವುದಾಗಿತ್ತು ಎಂದ. ಕೆಲವರು ಅರ್ಥವಾಗದೆ ನೋಡಿದರು. ವಜ್ರ ತಿಕ್ಕುವವರ ಹೆಸರು, ಪೊಟ್ಟಣ ಎಣಿಸುವವರ ಹೆಸರು, ಒಂದೂ ಕಳೆಯದ ಹಾಗೆ, ಒಂದು ಇನ್ನೊಂದನ್ನು ತುಳಿಯದ ಹಾಗೆ. ಎಂಟು ವರ್ಷ ಒಂದೂ ತಪ್ಪಲಿಲ್ಲ.

ಅಲ್ಲಿಗೆ ನಿಲ್ಲಿಸಬಹುದಿತ್ತು. ತಾರಾ ಕೇಳಿದ್ದೂ ಅಷ್ಟನ್ನೇ. ಪ್ರವೀಣ್‌ಭಾಯಿ ಆಗಲೇ ಕೈ ಜೋಡಿಸಿ ಹೊರಡುವ ಸನ್ನಾಹದಲ್ಲಿದ್ದರು.

"ಸೂರತಿನ ತಪ್ಪು ಅವರದಲ್ಲ," ಎಂದ ಭರತೇಶ್. "ಅವರು ರಜೆಯಲ್ಲಿದ್ದಾಗ ನಾನು ಬದಲಿಸಿದೆ. ಬಾಗಿಲು ಕಾಯುವ ಎರಡು ಸಾಲನ್ನು ನಾನೇ ತೆಗೆದೆ. ಅವರಿಗೆ ಹೇಳಲಿಲ್ಲ. ಸಭೆಯಲ್ಲಿ ಅವರು ನನ್ನದು ಅಂದಾಗ ಎದುರಿಗೇ ಕೂತಿದ್ದೆ. ಸುಮ್ಮನಿದ್ದೆ."

ಚಿತೆಯಲ್ಲಿ ಕಟ್ಟಿಗೆ ಸಿಡಿಯಿತು. ಪ್ರವೀಣ್‌ಭಾಯಿ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಇವತ್ತು ಇದೆಲ್ಲ ಬೇಡ ಭರತೇಶ್‌ಭಾಯಿ. ನಾಳೆ ಆಫೀಸಿಗೆ ಬನ್ನಿ, ಮಾತಾಡೋಣ," ಎಂದು ಚಪ್ಪಲಿ ಹುಡುಕುತ್ತ ಹೋದರು.

ವರ್ಷಿಣಿ ನೇರ ಅವನ ಮುಂದೆ ಬಂದು ನಿಂತಳು. ವಡೋದರಾದಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಅವಳಿಗೆ ತಡೆದು ತಡೆದು ಬರುತ್ತಿತ್ತು. ಆದರೂ ಕನ್ನಡದಲ್ಲೇ ಕೇಳಿದಳು. "ಪಪ್ಪಾಗೆ ಗೊತ್ತಿತ್ತಾ?"

"ಗೊತ್ತಿತ್ತು. ಅವರಿಗೆ ಗೊತ್ತಿತ್ತು ಅನ್ನೋದು ನನಗ ಇವತ್ತ ಗೊತ್ತಾತು."

"ನಿಮ್ಮನ್ನ... ಮನೆಗೆ ಕರೀತಿದ್ರು. ಎವ್ರಿ ದಿವಾಲಿ."

"ಹೌದು."

"ಅಮ್ಮಾಗೆ ನೀವೇ ಹೇಳ್ಬೇಕು. ನಾನು ಹೇಳಲ್ಲ. ಐ ಕಾಂಟ್."

*

ಮನೆಯನ್ನು ತೊಳೆದಿದ್ದರು. ಶವವಿದ್ದ ಜಾಗದಲ್ಲಿ ದೀಪ ಉರಿಯುತ್ತಿತ್ತು. ವರ್ಷಿಣಿ ಸ್ನಾನಕ್ಕೆ ಹೋಗಿ ಬಾಗಿಲು ಹಾಕಿಕೊಂಡಳು. ನೆರೆಯ ಹೆಂಗಸರೆಲ್ಲ ಹೊರಟುಹೋಗಿದ್ದರು. ಗೋಡೆಗೆ ಒರಗಿದ್ದ ತಾರಾ ಅವರ ಪಕ್ಕ ಯಶೋದಾ ಒಬ್ಬಳೇ ಉಳಿದಿದ್ದಳು. ಅವಳ ಸೂರತಿನ ರೈಲು ನಾಲ್ಕೂವರೆಗೆ.

"ಅಲ್ಲೆ ನಾಲ್ಕು ಮಾತು ಹೇಳಿದೇನಪಾ?" ಎಂದರು ತಾರಾ.

ಭರತೇಶ್ ಹೊಸ್ತಿಲ ಹೊರಗೇ ನಿಂತಿದ್ದ. ಮೊದಲು ಗುಜರಾತಿಯಲ್ಲಿ ಯಶೋದಾಳಿಗೆ ಹೇಳಿದ. "ಬೆಳಿಗ್ಗೆ ಸುಳ್ಳು ಹೇಳಿದೆ ಬೆನ್. ಆ ಹುಡುಗ ಕೆಲಸ ಬಿಟ್ಟು ಹೋಗಿಲ್ಲ. ಅವನು ನಾನೇ."

ಆಮೇಲೆ ತಾರಾ ಅವರ ಕಡೆ ತಿರುಗಿ, ಕನ್ನಡದಲ್ಲಿ, ದೀಪಾವಳಿಯಿಂದ ಹಿಡಿದು ಸಭೆಯವರೆಗೆ ಎಲ್ಲವನ್ನೂ ಹೇಳಿದ. ತನ್ನನ್ನು ಹಗುರ ಮಾಡಿಕೊಳ್ಳುವ ಒಂದು ಮಾತೂ ಬರದ ಹಾಗೆ ನೋಡಿಕೊಂಡ. ಹಾಗೆ ನೋಡಿಕೊಳ್ಳುವುದೂ ಒಂದು ಬಗೆಯ ಜಾಣತನವೇ ಎಂದು ನಡುವೆ ಅನ್ನಿಸಿತು.

ಮೊದಲು ಮಾತಾಡಿದವಳು ಯಶೋದಾ. "ನನ್ನ ಮಗಳು ಆ ಹನ್ನೊಂದು ದಿನ ಶಾಲೆಗೆ ಹೋಗಲಿಲ್ಲ," ಎಂದಳು. ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು ಎಂದುಕೊಂಡ ಭರತೇಶ್.

ತಾರಾ ಅವನನ್ನು ಬೈಯುತ್ತಾರೆಂದು, ಹೊರಗೆ ನಡೆ ಎನ್ನುತ್ತಾರೆಂದು ಅವನು ಕಾದ. ದಾರಿಯುದ್ದಕ್ಕೂ ಅದಕ್ಕೇ ಸಿದ್ಧನಾಗಿ ಬಂದಿದ್ದ. ಅವರು ಅವನ ಕಡೆ ನೋಡುತ್ತಲೇ ಇರಲಿಲ್ಲ.

"ನಾ ಅವರಿಗೆ ಏನೇನು ಅಂದೀನಿ ಗೊತ್ತದೇನು ನಿನಗ?" ಎಂದರು.

"ಕಾಕೂ..."

"ನಾಲ್ಕು ವರ್ಷ. ಒಂದು ದಿನ ಬಿಟ್ಟಿಲ್ಲ. ಇವರ ಒಂದು ಅಲಕ್ಷ್ಯದಿಂದ ಒಬ್ಬ ಬಡ ಹೆಣ್ಮಗಳ ಮಾನ ಹೋತು ಅಂತ. ಆಕಿ ಶಾಪ ನಮ್ಮ ಮನಿಗೆ ತಂದ್ರಿ ಅಂತ. ವರ್ಷಿಣಿಗೆ ಜ್ವರ ಬಂದ್ರ ಅದೇ ಮಾತು, ಹಾಲು ಒಡದ್ರ ಅದೇ ಮಾತು. ಅವರು ಒಂದು ಸಲಾನೂ ನಾ ಅಲ್ಲ ಅನ್ಲಿಲ್ಲ."

"ನನ್ನ ಸಲುವಾಗಿ..."

"ನಿನ್ನ ಮಾತು ನನಗ ಈಗ ಬ್ಯಾಡ."

ಅವರು ಯಶೋದಾಳ ಕಡೆಗೆ ಪೂರ್ತಿ ತಿರುಗಿ ಅವಳ ಎರಡೂ ಕೈ ಹಿಡಿದುಕೊಂಡರು. ಮೂವತ್ತು ವರ್ಷ ಈ ಊರಲ್ಲಿದ್ದವರು, ತರಕಾರಿಯವನ ಜೊತೆ ಗುಜರಾತಿಯಲ್ಲೇ ಜಗಳ ಕಾಯುವವರು. ಈಗ ಆ ಭಾಷೆ ಎಲ್ಲಿ ಹೋಯಿತೋ, ಬಾಗಲಕೋಟೆಯ ಕನ್ನಡದಲ್ಲೇ ಅವಳಿಗೆ ಹೇಳತೊಡಗಿದರು.

"ಹೋದ ವಾರನೂ ಅಂದೆನವಾ. ಉಣ್ಣಲಿಕ್ಕೆ ಕೂತಿದ್ರು, ಎರಡು ತುತ್ತು ಉಂಡಿದ್ರು. ನಿನ್ನ ಹೆಸರು ತಗದೆ. ಅರ್ಧಕ್ಕ ಕೈ ತೊಳಕೊಂಡು ಎದ್ದ್ರು. ಮಜ್ಜಿಗಿ ಅನ್ನ ಇನ್ನಾ ಹಾಕಿದ್ದಿಲ್ಲ. ನಾ ಕರೀಲಿಲ್ಲ. ಕರೀಬೇಕಿತ್ತಿಲ್ಲ?"

ಯಶೋದಾ ಒಂದು ಪದವೂ ತಿಳಿಯದೆ ಅವರ ಮುಖವನ್ನೇ ನೋಡುತ್ತಿದ್ದಳು. ಮಾತಿನ ಕೊನೆಯಲ್ಲಿ ದನಿ ಪ್ರಶ್ನೆಯಾಗಿ ಏರಿದಾಗ, "ಹಾ ಬೆನ್, ಹಾ," ಎಂದು, ಹೌದಕ್ಕಾ ಹೌದು ಎನ್ನುವಂತೆ, ತಲೆಯಾಡಿಸಿದಳು.

ಭರತೇಶ್ ತುಟಿ ತೆರೆದ. ತಾರಾ ಅವರ ಮಾತನ್ನು ಯಶೋದಾಳಿಗೆ ತಿಳಿಸಿ ಹೇಳಬಲ್ಲವನು ಅಲ್ಲಿ ಅವನೊಬ್ಬನೇ. ಆದರೆ ಅವನನ್ನು ಯಾರೂ ಕೇಳಲಿಲ್ಲ. ತಾರಾ ಮುಂದಿನ ಮಾತು ಶುರು ಮಾಡಿದರು, ಅದರ ಮುಂದಿನದು, ಅದರ ಮುಂದಿನದು. ಯಶೋದಾ ಅವರ ಕೈ ಬಿಡದೆ, ಪ್ರತಿ ಮಾತಿನ ಕೊನೆಗೂ ಹಾ ಬೆನ್ ಎನ್ನುತ್ತ, ಗಡಿಯಾರದ ಕಡೆ ನೋಡದೆ ಕೂತಿದ್ದಳು.